‘ಇಬಿಡ್’ ಯಾರು, ‘ಸಿಕ್’ ಏಕೆ: ಅಡಿಟಿಪ್ಪಣಿಯ ಲ್ಯಾಟಿನ್ ಪದಗಳು

ದಾವಣಗೆರೆಯ ಡಿಟಿಪಿ ಅಂಗಡಿಯೊಂದರಲ್ಲಿ ಕುಳಿತು ಸಂಶೋಧನಾ ವಿದ್ಯಾರ್ಥಿನಿಯೊಬ್ಬಳ ಮಹಾಪ್ರಬಂಧದ ಕರಡು ನೋಡುತ್ತಿದ್ದೆ. ವಿಷಯ ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿ. ಹದಿನಾಲ್ಕನೆಯ ಅಡಿಟಿಪ್ಪಣಿಯಲ್ಲಿ ಮಾರ್ಟಿಮರ್ ವೀಲರ್ 1947ರಲ್ಲಿ ಅಲ್ಲಿ ನಡೆಸಿದ ಉತ್ಖನನದ ವರದಿ. ಹದಿನೈದರಲ್ಲಿ ಬರೀ ‘ಇಬಿಡ್.’ ಮತ್ತು ಪುಟಸಂಖ್ಯೆ. ಎಲ್ಲ ಸರಿಯಿತ್ತು. ಅಷ್ಟರಲ್ಲಿ ಅಶೋಕನ ಶಾಸನದ ಬಗ್ಗೆ ಒಂದು ಪ್ಯಾರಾ ಬಿಟ್ಟುಹೋಗಿದೆ ಎಂದು ಅವಳಿಗೆ ನೆನಪಾಯಿತು. ಆ ಪ್ಯಾರಾವನ್ನು ನಡುವೆ ಸೇರಿಸಿದಳು, ಅದರೊಂದಿಗೆ ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕ’ದ ಹನ್ನೊಂದನೆಯ ಸಂಪುಟದ ಉಲ್ಲೇಖವೂ ಬಂದು ಕುಳಿತಿತು. ಕಂಪ್ಯೂಟರು ಸಂಖ್ಯೆಗಳನ್ನು ತಾನೇ ಬದಲಿಸಿತು. ‘ಇಬಿಡ್’ ಮಾತ್ರ ಹಾಗೆಯೇ ಉಳಿಯಿತು. 1927ರಲ್ಲಿ ತೀರಿಕೊಂಡ ರೈಸ್ 1947ರ ಉತ್ಖನನದ ಪದರಗಳನ್ನು ವಿವರಿಸಿದಂತಾಯಿತು!

ಇಬಿಡ್ ಎಂದರೆ ‘ಇಬಿಡೆಮ್’, ‘ಅದೇ ಜಾಗದಲ್ಲಿ’. ಅದು ಬೆರಳು ಮಾಡುವುದು ತನಗಿಂತ ಮೇಲಿನ ಒಂದೇ ಒಂದು ಟಿಪ್ಪಣಿಯ ಕಡೆಗೆ. ಆ ಟಿಪ್ಪಣಿ ಬದಲಾದರೆ ಬೆರಳು ಬೇರೆಯವರನ್ನು ತೋರಿಸುತ್ತದೆ. ಕನ್ನಡದಲ್ಲಿ ನಾವು ‘ಅದೇ, ಪು. 45’ ಎಂದು ಬರೆದಾಗಲೂ ಅಪಾಯ ಅಷ್ಟೇ. ‘ಆಪ್. ಸಿಟ್.’ ಇನ್ನೂ ಕಷ್ಟದ್ದು. ‘ಈಗಾಗಲೇ ಹೇಳಿದ ಕೃತಿಯಲ್ಲಿ’ ಎಂಬ ಅರ್ಥದ ಈ ಪದಕ್ಕೆ ನಮ್ಮವರು ‘ಪೂರ್ವೋಕ್ತ’ ಎಂದು ಬರೆಯುತ್ತಾರೆ. ಆ ಪೂರ್ವ ಎಲ್ಲಿತ್ತು ಎಂದು ಓದುಗ ಅರವತ್ತು ಪುಟ ಹಿಂದಕ್ಕೆ ಮಗುಚಬೇಕು. ಶಿಕಾಗೊ ಶೈಲಿ ಕೈಪಿಡಿಯ 2017ರ ಆವೃತ್ತಿ ‘ಇಬಿಡ್’ಗಿಂತ ಲೇಖಕನ ಹೆಸರು ಮತ್ತು ಕಿರುಶೀರ್ಷಿಕೆ ಮೇಲು ಎನ್ನುತ್ತದೆ. ನಾನೂ ಅದನ್ನೇ ಹೇಳುತ್ತೇನೆ: ಕರಡಿನಲ್ಲಿ ಪ್ರತಿ ಸಲವೂ ಹೆಸರು ಬರೆಯಿರಿ; ‘ಅದೇ’ ಬೇಕೇ ಬೇಕೆಂದರೆ ಕೊನೆಯ ತಿದ್ದುಪಡಿ ಮುಗಿದ ಮೇಲೆ ಹಾಕಿ.

ಇಷ್ಟು ತೊಡಕಿನ ಪದಗಳು ಹುಟ್ಟಿದ್ದೇಕೆ? ಜಾಗ ಸಾಲದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮಿನ ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಟೈಬೀರಿಯಸನ ಬೆಳ್ಳಿ ನಾಣ್ಯಗಳಲ್ಲಿ ಸಾಮಾನ್ಯವಾಗಿ ಕಾಣುವ ಬರಹ ‘ಪಾಂಟಿಫ್ ಮ್ಯಾಕ್ಸಿಮ್’. ಅದು ‘ಪಾಂಟಿಫೆಕ್ಸ್ ಮ್ಯಾಕ್ಸಿಮಸ್’, ಅಂದರೆ ಪ್ರಧಾನ ಪುರೋಹಿತ. ಮುಂಬದಿಯಲ್ಲಿ ‘ಮಗ’ ಎನ್ನಲು ಒಂದೇ ಅಕ್ಷರ. ಉಗುರಗಲದ ಬೆಳ್ಳಿಯ ಅಂಚಿನಲ್ಲಿ ಬಿರುದನ್ನೆಲ್ಲ ತುಂಬಬೇಕಲ್ಲ! ನಮ್ಮ ಶಾಸನಗಳಲ್ಲೂ ಗದ್ಯಾಣಕ್ಕೆ ‘ಗ’ ಎಂದಷ್ಟೇ ಕೊರೆದಿರುವುದುಂಟು. ಮುಂದೆ ಯುರೋಪಿನ ಲಿಪಿಕಾರರು ಚರ್ಮದ ಹಾಳೆ ಉಳಿಸಲು ಇದೇ ದಾರಿ ಹಿಡಿದರು. ‘ಹೆಸರಿಸಿ ಹೇಳುವುದಾದರೆ’ ಎಂಬ ಅರ್ಥದ ‘ವಿಜ್.’ ಎಂಬುದರ ಕೊನೆಯ ಜಕಾರ ನಿಜಕ್ಕೂ ಅಕ್ಷರವೇ ಅಲ್ಲ. ‘ವಿಡೆಲಿಸೆಟ್’ ಎಂಬ ಪದದ ಬಾಲವನ್ನು ಮೊಟಕುಗೊಳಿಸಲು ಅವರು ಎಳೆಯುತ್ತಿದ್ದ ಒಂದು ಗೆರೆ, ನೋಡಲು ಆ ಅಕ್ಷರದಂತಿತ್ತು.

‘ಐ.ಇ.’ ಮತ್ತು ‘ಇ.ಜಿ.’ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೊದಲನೆಯದು ‘ಎಂದರೆ’, ಎರಡನೆಯದು ‘ಉದಾ.’. 1779ರಲ್ಲಿ ಹೈದರಾಲಿಗೆ ಕೋಟೆ ಕಳೆದುಕೊಂಡ ಪಾಳೆಯಗಾರ ಎಂದರೆ ಮದಕರಿನಾಯಕ. ದುರ್ಗದ ಪಾಳೆಯಗಾರರು, ಉದಾ. ಭರಮಣ್ಣನಾಯಕ. ‘ಎಟ್ ಆಲ್.’ ಎಂದರೆ ‘ಮತ್ತು ಇತರರು’. ‘ಎಟ್’ ಪೂರ್ತಿ ಪದವಾದ್ದರಿಂದ ಚುಕ್ಕಿ ‘ಆಲ್’ಗೆ ಮಾತ್ರ.

ನನಗೆ ಬಹಳ ಪ್ರಿಯವಾದದ್ದು ‘ಸಿಕ್’. ಇದು ಸಂಕ್ಷೇಪವಲ್ಲ, ಇಡೀ ಪದ, ಅರ್ಥ ‘ಹೀಗೆಯೇ’. ಮೂಲದಲ್ಲೇ ತಪ್ಪಿದೆ, ನಾನು ತಿದ್ದಿಲ್ಲ, ಇದು ನನ್ನ ಕೈತಪ್ಪೂ ಅಲ್ಲ ಎಂದು ಓದುಗನಿಗೆ ಹೇಳುವ ಮಾತು. ನಮ್ಮ ಓಲೆಗರಿಗಳ ಪ್ರತಿಕಾರರು ಕೊನೆಯಲ್ಲಿ ‘ಯಾದೃಶಂ ಪುಸ್ತಕಂ ದೃಷ್ಟ್ವಾ ತಾದೃಶಂ ಲಿಖಿತಂ ಮಯಾ’ ಎಂದು ಬರೆಯುತ್ತಿದ್ದರು: ಪುಸ್ತಕದಲ್ಲಿ ಹೇಗೆ ಕಂಡೆನೋ ಹಾಗೆಯೇ ಬರೆದಿದ್ದೇನೆ. ‘ಸಿಕ್’ಗೆ ಇದಕ್ಕಿಂತ ಒಳ್ಳೆಯ ವಿವರಣೆ ನಾನು ಕಂಡಿಲ್ಲ. ಆದರೆ ಬ್ರಿಟಿಷರ ಕಾಲದ ಕಡತದಲ್ಲಿ ‘ಚಿತಲ್‌ಡ್ರೂಗ್’ ಎಂದಿದ್ದರೆ ಪಕ್ಕದಲ್ಲಿ ‘ಸಿಕ್’ ಹಾಕಬಾರದು. ಅಂದು ಅದೇ ರೂಢಿಯ ಕಾಗುಣಿತ, ತಪ್ಪಲ್ಲ. ಎದುರಾಳಿಯ ಅಚ್ಚಿನ ದೋಷವನ್ನು ಎತ್ತಿ ತೋರಿಸಲು ಈ ಪದ ಬಳಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಉಳಿದದ್ದು ‘ಸಿ.ಎಫ್.’. ಹೆಚ್ಚಿನವರು ಇದನ್ನು ‘ನೋಡಿ’ ಎಂಬ ಅರ್ಥದಲ್ಲಿ ಬಳಸುತ್ತಾರೆ. ಲ್ಯಾಟಿನ್ನಿನ ‘ಕಾನ್‌ಫರ್’ ಎಂದರೆ ‘ಹೋಲಿಸಿ’. ಚಂದ್ರವಳ್ಳಿಯ ಬಂಡೆಯ ಮೇಲಿನ ಮಯೂರಶರ್ಮನ ಮೂರು ಸಾಲಿನ ಪ್ರಾಕೃತ ಶಾಸನವನ್ನು ಎಂ.ಎಚ್. ಕೃಷ್ಣ ಅವರು ಒಂದು ರೀತಿ ಓದಿದರು. ಆ ಪಾಠವನ್ನು ನಂತರದ ವಿದ್ವಾಂಸರು ಪ್ರಶ್ನಿಸಿದರು. ಕೃಷ್ಣ ಅವರ ಓದನ್ನು ಒಪ್ಪಿ ಬರೆಯುವವರು ಟಿಪ್ಪಣಿಯಲ್ಲಿ ‘ನೋಡಿ’ ಎಂದು ಅವರ ವರದಿಯನ್ನು ಕೊಡಲಿ. ಅದರ ಪಕ್ಕದಲ್ಲೇ ‘ಹೋಲಿಸಿ’ ಎಂದು, ಒಪ್ಪದವರ ಲೇಖನವನ್ನೂ ಕೊಡಲಿ.