ಅಪ್‌ಡೇಟ್ ಕೈಕೊಟ್ಟರೆ ಹಳೆ ಆವೃತ್ತಿಗೆ ಮರಳುವುದು ಹೇಗೆ?

ಪ್ರಶ್ನೆ: ಮಲ್ಲೇಶ್ವರದಲ್ಲಿ ಡಿಟಿಪಿ ಅಂಗಡಿ ಇದೆ, ಉಬುಂಟು (ಲಿನಕ್ಸ್) ಬಳಸುತ್ತೇನೆ. ಅಪ್‌ಡೇಟ್ ಆದಮೇಲೆ ಪ್ರಿಂಟ್ ಬರ್ತಿಲ್ಲ. ಪ್ರಿಂಟ್ ನೋಡಿಕೊಳ್ಳುವ ಕಪ್ಸ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ, ಹಾಗೇ ಇದೆ. ಫಾರ್ಮ್ಯಾಟ್ ಮಾಡಿಸಲಾ ಸಾರ್?

ಉತ್ತರ: ಬೇಡ. ಸಿಪಿಯು ಹೊತ್ತುಕೊಂಡು ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗಬೇಡಿ.

"ತೆಗೆದು ಮತ್ತೆ ಹಾಕಿದ್ರೆ ಹಳೇದು ಬರುತ್ತೆ" ಅನ್ನೋ ನಂಬಿಕೆ ಎಷ್ಟು ಸಲ ಹೇಳಿದರೂ ಹೋಗ್ತಿಲ್ಲ. ಖಂಡಿತ ಬರಲ್ಲ. ಬರೀ ಪ್ಯಾಕೇಜಿನ (ಸಾಫ್ಟ್‌ವೇರ್ ಕಟ್ಟಿನ) ಹೆಸರು ಕೊಟ್ಟರೆ, ರೆಪಾಸಿಟರಿಯಲ್ಲಿ (ಉಬುಂಟುವಿನ ಆನ್‌ಲೈನ್ ಉಗ್ರಾಣದಲ್ಲಿ) ಇರುವುದರಲ್ಲಿ ಎಲ್ಲಕ್ಕಿಂತ ಹೊಸದನ್ನು, ಪ್ಯಾಕೇಜ್ ಹಾಕುವ-ತೆಗೆಯುವ ಕಮಾಂಡ್ ಆದ ಆಪ್ಟ್ ಆರಿಸುತ್ತದೆ. ನಿಮಗೆ ಕಾಟ ಕೊಡ್ತಿರೋದೇ ಆ ಹೊಸದು, ಅಲ್ವಾ? ಹತ್ತು ಸಲ ತೆಗೆದು ಹಾಕಿದರೂ ಅದೇ ಬಂದು ಕೂರುತ್ತದೆ. ಸಾಲದ್ದಕ್ಕೆ, ತೆಗೆಯುವಾಗ ಅದನ್ನು ನೆಚ್ಚಿಕೊಂಡ ಬೇರೆ ಪ್ಯಾಕೇಜುಗಳೂ ಹೋಗುತ್ತವೆ. 'ಪರ್ಜ್' ಕೊಟ್ಟರಂತೂ ಅದರ ಸೆಟ್ಟಿಂಗ್‌ಗಳೂ ಅಳಿಸಿಹೋಗುತ್ತವೆ. ಇದ್ದದ್ದು ಒಂದು ತೊಂದರೆ, ಈಗ ಎರಡು.

"ಹಳೆ ಡೆಬ್ ಫೈಲ್ ಕ್ಯಾಶ್‌ನಲ್ಲಿ ಇರುತ್ತಲ್ಲ" ಅನ್ನುವವರೂ ಇದ್ದಾರೆ (ಡೆಬ್ ಅಂದರೆ ಪ್ಯಾಕೇಜಿನ ಫೈಲ್, ಕ್ಯಾಶ್ ಅಂದರೆ ಡೌನ್‌ಲೋಡ್ ಆದದ್ದು ಉಳಿಯುವ ಜಾಗ). ಉಬುಂಟು 16.04ರಿಂದ ಈಚೆಗೆ 'ಆಪ್ಟ್' ಕಮಾಂಡ್, ಇನ್‌ಸ್ಟಾಲ್ ಮುಗಿದ ಕೂಡಲೇ ಡೌನ್‌ಲೋಡ್ ಮಾಡಿದ ಫೈಲನ್ನು ಅಳಿಸುತ್ತದೆ. 'ಆಪ್ಟ್-ಗೆಟ್' ಬಳಸಿದ್ದರೆ ಮಾತ್ರ ಅದು ಸಿಗಬಹುದು.

ಮಾಡಬೇಕಾದ್ದು ಇಷ್ಟು. ವಾರ್ (var) ಫೋಲ್ಡರಿನೊಳಗೆ ಲಾಗ್, ಅದರೊಳಗೆ ಆಪ್ಟ್, ಅಲ್ಲಿ ಹಿಸ್ಟರಿ ಲಾಗ್ ತೆರೆಯಿರಿ. ತೊಂದರೆ ಶುರುವಾದ ದಿನದ 'ಅಪ್‌ಗ್ರೇಡ್' ಸಾಲು ನೋಡಿ. ಪ್ರತಿ ಪ್ಯಾಕೇಜಿನ ಹೆಸರಿನ ಮುಂದೆ ಆವರಣದಲ್ಲಿ ಮೊದಲು ಹಳೆ ಆವೃತ್ತಿ, ಕಾಮಾ, ಆಮೇಲೆ ಹೊಸದು. "ನಾನು ಅಪ್‌ಡೇಟೇ ಮಾಡಿಲ್ಲ" ಅನ್ನುವವರೂ ಇಲ್ಲಿ ನೋಡಬೇಕು. ಉಬುಂಟು ಸೆಕ್ಯುರಿಟಿ ಅಪ್‌ಡೇಟ್‌ಗಳನ್ನು ಕೇಳದೆಯೇ ಹಾಕಿಕೊಳ್ಳುತ್ತದೆ.

ಈಗ 'ಆಪ್ಟ್ ಇನ್‌ಸ್ಟಾಲ್' ಬರೆದು, ಪ್ಯಾಕೇಜಿನ ಹೆಸರು, ಸಮ ಚಿಹ್ನೆ, ಹಳೆ ಆವೃತ್ತಿ. ಈ ಮೂರರ ನಡುವೆ ಜಾಗ ಬಿಡಬೇಡಿ. ಕಪ್ಸ್ ಜತೆಗೇ ಏರಿದ ಅದರ ಲೈಬ್ರರಿ, ಕ್ಲೈಂಟ್, ಡೀಮನ್ ಅನ್ನೋ ಜೊತೆ ಪ್ಯಾಕೇಜುಗಳೆಲ್ಲವನ್ನೂ ಒಂದೇ ಕಮಾಂಡಿನಲ್ಲಿ ಹಳೆ ಆವೃತ್ತಿಗೆ ಇಳಿಸಿ. ಆವೃತ್ತಿ ಸಿಗದಿದ್ದರೆ 'ಆಪ್ಟ್ ಪಾಲಿಸಿ' ಕೊಟ್ಟು ಯಾವುದು ಇದೆ ನೋಡಿ. ಮಧ್ಯದ ಆವೃತ್ತಿಗಳು ರೆಪಾಸಿಟರಿಯಲ್ಲಿ ಉಳಿಯಲ್ಲ, ಆದರೆ ಉಬುಂಟು ಪ್ಯಾಕೇಜುಗಳ ಹಳೆ ಆವೃತ್ತಿ ಇಡುವ ತಾಣವಾದ ಲಾಂಚ್‌ಪ್ಯಾಡ್‌ನಲ್ಲಿ ಸಿಗುತ್ತವೆ. ಪ್ರಿಂಟ್ ಬಂತಾ? ತಕ್ಷಣ 'ಆಪ್ಟ್-ಮಾರ್ಕ್ ಹೋಲ್ಡ್' ಹಾಕಿ. ಇಲ್ಲದಿದ್ದರೆ ಮುಂದಿನ ಅಪ್‌ಡೇಟಿನಲ್ಲಿ ಅದೇ ಕಥೆ. ಸರಿಪಡಿಸಿದ ಆವೃತ್ತಿ ಬಂದಾಗ ಹೋಲ್ಡ್ ಬಿಡಿಸಲು ಮರೆಯಬೇಡಿ. ಮರೆತರೆ ಆ ಪ್ಯಾಕೇಜಿಗೆ ಸೆಕ್ಯುರಿಟಿ ಅಪ್‌ಡೇಟೂ ಬರಲ್ಲ.

ಇನ್ನೊಂದು ಲಿನಕ್ಸ್ ಆದ ಫೆಡೋರಾದವರಿಗೆ, ಅಪ್‌ಡೇಟನ್ನು ಹಿಂತೆಗೆಯಲು 'ಡಿಎನ್ಎಫ್ ಹಿಸ್ಟರಿ ಅನ್‌ಡೂ' ಇದೆ. ಕರ್ನಲ್ (ಲಿನಕ್ಸಿನ ತಿರುಳು) ಕೆಟ್ಟಿದ್ದರೆ, ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ಹಳೆ ಕರ್ನಲ್ ಆರಿಸಿದರೆ ಸಾಕು.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಪ್ಯಾಕೇಜ್ ಹಿಂದೆ ಹೋಗುತ್ತದೆ, ಡೇಟಾ ಹಿಂದೆ ಹೋಗಲ್ಲ. 2019ರಲ್ಲಿ ಬಂದ ಫೈರ್‌ಫಾಕ್ಸ್ 67ರಿಂದ, ಹೊಸ ಆವೃತ್ತಿ ಬಳಸಿದ ಪ್ರೊಫೈಲನ್ನು (ನಿಮ್ಮ ಬುಕ್‌ಮಾರ್ಕ್, ಪಾಸ್‌ವರ್ಡ್ ಇರುವ ಫೋಲ್ಡರನ್ನು) ಹಳೆ ಆವೃತ್ತಿ ತೆರೆಯುವುದಿಲ್ಲ, ಹೊಸ ಪ್ರೊಫೈಲ್ ಮಾಡಿ ಅನ್ನುತ್ತದೆ. ಡೇಟಾಬೇಸ್‌ಗಳಲ್ಲಿ ಇದು ಇನ್ನೂ ಜಾಸ್ತಿ. ಅಂಗಡಿ ಲೆಕ್ಕ ಮೈಎಸ್‌ಕ್ಯೂಎಲ್‌ನಲ್ಲಿ ಇದ್ದರೆ, ಅದನ್ನು ಅಪ್‌ಡೇಟ್ ಮಾಡುವ ಮುಂಚೆ ಡಂಪ್ (ಡೇಟಾದ ಪ್ರತಿ) ತೆಗೆದು ಬೇರೆ ಡಿಸ್ಕಿನಲ್ಲಿ ಇಡಿ.