ಸೂರ್ಯ ತಿರುಗಿ ಮೂರು ವಾರವಾಯಿತು

ಮೊದಲೇ ಹೇಳಿಬಿಡುತ್ತೇನೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ಜನವರಿ 14ರಂದಲ್ಲ, 15ರಂದೂ ಅಲ್ಲ. ಖಗೋಳದ ಪಾಠ ಹೇಳುವುದೇ ನನ್ನ ವೃತ್ತಿ. ಪ್ರತಿ ವರ್ಷ ಸಂಕ್ರಾಂತಿಗೆ ಮುಂಚಿನ ವಾರ ಸುದ್ದಿವಾಹಿನಿಯವರಿಗೆ, ಶಿಕ್ಷಕರಿಗೆ, ನೆಂಟರಿಗೆ ಇದನ್ನು ಹೇಳುತ್ತೇನೆ. ಎಲ್ಲರೂ ‘ಹೌದೇ?’ ಎಂದು ಆಶ್ಚರ್ಯಪಡುತ್ತಾರೆ. ಮರುದಿನ ಅದೇ ವಾಹಿನಿಯಲ್ಲಿ ‘ಇಂದು ಸೂರ್ಯ ತನ್ನ ಪಥ ಬದಲಿಸುವ ದಿನ’ ಎಂಬ ಅಕ್ಷರಗಳು ಓಡುತ್ತಿರುತ್ತವೆ.

ಹಬ್ಬದ ಮೇಲೆ ನನಗೆ ತಕರಾರಿಲ್ಲ. ಎಳ್ಳುಬೆಲ್ಲ ಕೊಟ್ಟರೆ ಎರಡು ಸಲ ಕೈ ಚಾಚುವವನು ನಾನು. ತಕರಾರಿರುವುದು ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಎಂದುಕೊಳ್ಳುವುದರ ಬಗ್ಗೆ. ಸೂರ್ಯ ದಕ್ಷಿಣದ ಕೊನೆ ಮುಟ್ಟಿ ಹಿಂದಿರುಗುವುದು ಒಂದು ಸಂಗತಿ. ಅದಕ್ಕೆ ಕಾರಣ ಭೂಮಿಯ ಅಕ್ಷದ ವಾಲಿಕೆ, ಸಾಕ್ಷಿ ನಿಮ್ಮ ಅಂಗಳದ ನೆರಳು. ಸೂರ್ಯನ ಹಿಂದೆ ಇರುವ ನಕ್ಷತ್ರಗಳ ಸಾಲಿನಲ್ಲಿ ಮಕರ ಎಂದು ಹೆಸರಿಟ್ಟ ಭಾಗ ಶುರುವಾಗುವುದು ಇನ್ನೊಂದು. ಅದು ನೆರಳಿನಲ್ಲಿ ಕಾಣುವುದಿಲ್ಲ, ಲೆಕ್ಕದಲ್ಲಿ ಮಾತ್ರ ಸಿಗುತ್ತದೆ. ಇವೆರಡೂ ಒಂದೇ ದಿನ ಬೀಳಲೇಬೇಕೆಂಬ ನಿಯಮವಿಲ್ಲ. ಒಂದು ಕಾಲದಲ್ಲಿ ಬೀಳುತ್ತಿದ್ದವು, ಅಷ್ಟೇ.

ನಂಬಿಕೆ ಬರದಿದ್ದರೆ ಬೆಂಗಳೂರಿನಲ್ಲಿ ಒಂದು ಮೀಟರ್ ಎತ್ತರದ ಕೋಲನ್ನು ನೆಟ್ಟಗೆ ನಿಲ್ಲಿಸಿ. ಡಿಸೆಂಬರ್ 21ರ ನಡುಹಗಲಿನಲ್ಲಿ ಅದರ ನೆರಳು ಸುಮಾರು 74 ಸೆಂಟಿಮೀಟರ್ ಇರುತ್ತದೆ, ಜನವರಿ 14ಕ್ಕೆ ಸುಮಾರು 68. ಸೂರ್ಯ ಸಂಕ್ರಾಂತಿಯಂದೇ ತಿರುಗುವವನಾಗಿದ್ದರೆ ಅಂದು ನೆರಳು ವರ್ಷದಲ್ಲೇ ಅತಿ ಉದ್ದವಾಗಿರಬೇಕಿತ್ತು. ಅಷ್ಟು ಹೊತ್ತಿಗಾಗಲೇ ಅದು ಆರು ಸೆಂಟಿಮೀಟರ್ ಕುಗ್ಗಿರುತ್ತದೆ. ಸಂಜೆ ಸೂರ್ಯ ಮುಳುಗುವ ಜಾಗವೂ ಈ ಎರಡು ದಿನಗಳ ನಡುವೆ ಬಿಂಬದ ಅಗಲದ ನಾಲ್ಕು ಪಟ್ಟು ಉತ್ತರಕ್ಕೆ ಸರಿದಿರುತ್ತದೆ. ಇದಕ್ಕೆ ದೂರದರ್ಶಕ ಬೇಡ, ಮಹಡಿ ಮತ್ತು ತಾಳ್ಮೆ ಇದ್ದರೆ ಸಾಕು.

ಮಲೆನಾಡಿನ ಒಂದು ಊರಿನಲ್ಲಿ ಉಪನ್ಯಾಸ ಮುಗಿಸಿದಾಗ ನಿವೃತ್ತ ಮೇಷ್ಟ್ರೊಬ್ಬರು ಎದ್ದು ನಿಂತರು. ‘ಸ್ವಾಮಿ, ನಾನು ದಿನಾ ಬೆಳಗ್ಗೆ ಕೊಟ್ಟಿಗೆಗೆ ಹೋಗುವವನು. ಸಂಕ್ರಾಂತಿ ಕಳೆಯುವ ತನಕ ಬೆಳಕು ತಡವಾಗುತ್ತಲೇ ಹೋಗುತ್ತದೆ. ಡಿಸೆಂಬರಿನಲ್ಲೇ ತಿರುಗಿದ್ದರೆ ಬೇಗ ಬೆಳಗಾಗಬೇಕಿತ್ತಲ್ಲ?’ ನನಗೆ ಬಹಳ ಖುಷಿಯಾಯಿತು. ಪುಸ್ತಕ ಹಿಡಿದು ವಾದಿಸುವವರೇ ಸಿಗುವ ನನ್ನ ಕಸುಬಿನಲ್ಲಿ ಕಣ್ಣಾರೆ ಕಂಡದ್ದನ್ನು ಹಿಡಿದು ವಾದಿಸುವವರು ಅಪರೂಪ. ಅವರು ಕಂಡದ್ದೂ ನಿಜವೇ. ಬೆಂಗಳೂರಿನಲ್ಲಿ ಕೂಡ ಜನವರಿ 14ರ ಸೂರ್ಯೋದಯ ಡಿಸೆಂಬರ್ 21ರದ್ದಕ್ಕಿಂತ ಏಳೆಂಟು ನಿಮಿಷ ತಡ. ಆದರೆ ಸೂರ್ಯಾಸ್ತ ಅದಕ್ಕಿಂತಲೂ ಹೆಚ್ಚು ತಡವಾಗಿರುತ್ತದೆ. ಸೂರ್ಯನ ಹೊತ್ತು ಗಡಿಯಾರದ ಹೊತ್ತಿನೊಂದಿಗೆ ಸರಿಯಾಗಿ ಹೆಜ್ಜೆ ಹಾಕುವುದಿಲ್ಲ. ಬೆಂಗಳೂರಿನ ನಡುಹಗಲು ಡಿಸೆಂಬರ್ 21ಕ್ಕೆ ಸುಮಾರು 12.18ಕ್ಕೆ ಬಂದರೆ, ಜನವರಿ 14ಕ್ಕೆ 12.29ರ ಸುಮಾರಿಗೆ ಬರುತ್ತದೆ. ಇಡೀ ಹಗಲೇ ಮುಂದಕ್ಕೆ ಜರುಗುವುದರಿಂದ ಬೆಳಗು ತಡ. ಹಗಲಿನ ಒಟ್ಟು ಉದ್ದ ಮಾತ್ರ ಡಿಸೆಂಬರ್ ಕೊನೆಯ ವಾರದಿಂದಲೇ ಬೆಳೆಯುತ್ತಿರುತ್ತದೆ. ಮೇಷ್ಟ್ರು ಪೂರ್ತಿ ಒಪ್ಪಲಿಲ್ಲ. ಮನೆಗೆ ಹೋಗಿ ಕೋಲು ನೆಟ್ಟರು.

ಪ್ರಾಚೀನರ ಖಗೋಳ ವಿಜ್ಞಾನ ಶುರುವಾದದ್ದೇ ಇಂಥ ನೋಟದಿಂದ. ಕೌಷೀತಕಿ ಬ್ರಾಹ್ಮಣ ಎಂಬ ವೈದಿಕ ಗ್ರಂಥದಲ್ಲಿ ಸೂರ್ಯ ಆರು ತಿಂಗಳು ಉತ್ತರಕ್ಕೆ, ಆರು ತಿಂಗಳು ದಕ್ಷಿಣಕ್ಕೆ ಹೋಗುವುದನ್ನು ಹೇಳಿ, ತಿರುಗುವ ಮುನ್ನ ಅವನು ನಿಲ್ಲುತ್ತಾನೆ ಎಂದೂ ಹೇಳಿದೆ. ಆ ನಿಲ್ಲುವ ಮಾತು ಬರೀ ಕವಿತೆಯಲ್ಲ. ಉಯ್ಯಾಲೆ ತುದಿಗೆ ಹೋದಾಗ ನಿಧಾನವಾಗುವಂತೆ, ಅಯನದ, ಅಂದರೆ ಸೂರ್ಯ ತಿರುಗುವ ದಿನದ, ಆಚೀಚೆ ಕೆಲವು ದಿನ ಸೂರ್ಯನ ಸರಿತ ಕಣ್ಣಿಗೆ ಸಿಗುವುದೇ ಇಲ್ಲ. ಡಿಸೆಂಬರ್ 21ಕ್ಕೂ 26ಕ್ಕೂ ನಡುವೆ ನಿಮ್ಮ ಕೋಲಿನ ನೆರಳಿನಲ್ಲಾಗುವ ವ್ಯತ್ಯಾಸ ಎರಡು ಮಿಲಿಮೀಟರಿನಷ್ಟು. ನೆರಳಿನ ತುದಿಯ ಮಸುಕೇ ಒಂದು ಸೆಂಟಿಮೀಟರಿಗಿಂತ ಹೆಚ್ಚಿರುತ್ತದೆ. ಹಾಗಾಗಿ ‘ಇಂದೇ ತಿರುಗಿದ’ ಎಂದು ಆ ದಿನ ನೋಡಿ ಹೇಳಲು ಯಾರಿಂದಲೂ ಆಗದು. ನವೆಂಬರ್ ಕೊನೆಯಲ್ಲಿ ಒಂದು ಗುರುತು ಹಾಕಿಕೊಂಡು, ಸೂರ್ಯ ಮತ್ತೆ ಅದೇ ಗುರುತಿಗೆ ಬರುವ ದಿನ ಕಾದು, ನಡುವಿನ ದಿನಗಳನ್ನು ಅರ್ಧ ಮಾಡಬೇಕು.

ವೇದಾಂಗ ಜ್ಯೋತಿಷ ಎಂಬ ಪ್ರಾಚೀನ ಖಗೋಳ ಗ್ರಂಥದಲ್ಲಿ ಉತ್ತರಾಯಣ ಶುರುವಾಗುವುದು ಸೂರ್ಯ ಧನಿಷ್ಠಾ ನಕ್ಷತ್ರದ ಆರಂಭದಲ್ಲಿರುವಾಗ. ಅಲ್ಲಿನ ಲೆಕ್ಕ ನಡೆಯುವುದು ನಕ್ಷತ್ರಗಳಲ್ಲಿ. ಹನ್ನೆರಡು ರಾಶಿಗಳ ಪಟ್ಟಿ ಬ್ಯಾಬಿಲೋನಿನಲ್ಲಿ ರೂಪುಗೊಂಡು ಗ್ರೀಕರ ಮೂಲಕ ಇಲ್ಲಿಗೆ ಬಂದದ್ದು ಆಮೇಲೆ. ಆದ್ದರಿಂದ ‘ಭೀಷ್ಮರು ಮಕರ ಸಂಕ್ರಾಂತಿಗೆ ಕಾಯಲಿಲ್ಲವೇ?’ ಎಂದು ಕೇಳುವವರಿಗೆ ನನ್ನ ಉತ್ತರ ಚಿಕ್ಕದು: ಅವರು ಕಾದದ್ದು ಉತ್ತರಾಯಣಕ್ಕೆ.

ಕ್ರಿ.ಶ. 6ನೇ ಶತಮಾನಕ್ಕೆ ಬನ್ನಿ. ಖಗೋಳಜ್ಞ ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ಹೇಳುವುದನ್ನು ನಾನು ಪ್ರತಿ ತರಗತಿಯಲ್ಲೂ ಓದಿಸುತ್ತೇನೆ. ಹಿಂದಿನ ಶಾಸ್ತ್ರಗಳಲ್ಲಿ ಧನಿಷ್ಠೆಯ ಮೊದಲಿಗೆ ಉತ್ತರಾಯಣ ಎಂದಿದೆ, ಈಗ ಅದು ಮಕರದ ಮೊದಲಿಗೆ ಆಗುತ್ತಿದೆ, ಹೀಗಲ್ಲದಿದ್ದರೆ ಪ್ರತ್ಯಕ್ಷ ಪರೀಕ್ಷೆಯಿಂದ ತಿಳಿದುಕೊಳ್ಳಿ ಎನ್ನುತ್ತಾನೆ. ಪರೀಕ್ಷೆಯ ದಾರಿಯನ್ನೂ ತೋರಿಸುತ್ತಾನೆ. ಉದಯ, ಅಸ್ತಗಳಲ್ಲಿ ದೂರದ ಒಂದು ಗುರುತಿನೊಂದಿಗೆ ಸೂರ್ಯನನ್ನು ಹೋಲಿಸಿ ನೋಡಬೇಕು. ಇಲ್ಲವೇ ದೊಡ್ಡ ವೃತ್ತ ಎಳೆದು ಶಂಕುವಿನ, ಅಂದರೆ ನಡುವೆ ನೆಟ್ಟ ಕೋಲಿನ, ನೆರಳು ಅದರೊಳಗೆ ಬರುವ, ಹೊರಗೆ ಹೋಗುವ ಜಾಗಗಳನ್ನು ಗುರುತಿಸಬೇಕು. ಮಕರಕ್ಕೂ ಉತ್ತರಾಯಣಕ್ಕೂ ನಂಟು ಬಿದ್ದದ್ದು ಈ ಕಾಲದಲ್ಲಿ. ನಂಟನ್ನು ಬರೆದಿಟ್ಟವನೇ ‘ಇದು ಈಗಿನ ಮಾತು’ ಎಂದೂ ಬರೆದಿಟ್ಟ. ನಾವು ಮೊದಲರ್ಧವನ್ನು ಮಾತ್ರ ಇಟ್ಟುಕೊಂಡೆವು.

ನಂಟು ಕಳಚಲು ಕಾರಣ ಭೂಮಿಯ ಅಕ್ಷದ ನಿಧಾನವಾದ ಓಲಾಟ. ಒಂದು ಸುತ್ತಿಗೆ ಸುಮಾರು 26,000 ವರ್ಷ, ಒಂದು ಡಿಗ್ರಿ ಸರಿಯಲು ಸುಮಾರು 72 ವರ್ಷ. ಕ್ರಿ.ಪೂ. 2ನೇ ಶತಮಾನದ ಗ್ರೀಕ್ ಖಗೋಳಜ್ಞ ಹಿಪಾರ್ಕಸ್ ಚಿತ್ತಾ ನಕ್ಷತ್ರದ ಸ್ಥಾನವನ್ನು ತನಗಿಂತ ಸುಮಾರು 150 ವರ್ಷ ಹಿಂದಿನ ಟಿಮೊಕಾರಿಸ್‌ನ ಅಳತೆಯೊಂದಿಗೆ ಹೋಲಿಸಿ ಇದನ್ನು ಹಿಡಿದ. ಹಗಲಿರುಳು ಸಮವಾಗುವ ಸೆಪ್ಟೆಂಬರಿನ ದಿನ ಸೂರ್ಯನಿರುವ ಬಿಂದುವಿನಿಂದ ಚಿತ್ತೆಯ ದೂರ ಎಂಟು ಡಿಗ್ರಿ ಇದ್ದದ್ದು ಆರಕ್ಕೆ ಇಳಿದಿತ್ತು. ನಕ್ಷತ್ರಗಳನ್ನು ಹಿಡಿದು ಎಣಿಸಿದ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಅದಕ್ಕೇ ಸಂಕ್ರಾಂತಿ ನಮ್ಮ ಕ್ಯಾಲೆಂಡರಿನಲ್ಲಿ ಮೆಲ್ಲಗೆ ಮುಂದಕ್ಕೆ ಜಾರುತ್ತದೆ. ಸ್ವಾಮಿ ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಮಕರ ಸಂಕ್ರಾಂತಿಯ ದಿನವಾಗಿತ್ತು. ಈಗ ಹಬ್ಬ 14ಕ್ಕೋ 15ಕ್ಕೋ ಬರುತ್ತದೆ. ಉತ್ತರಾಯಣ ಇಂದು ಆಗುವುದು ಸೂರ್ಯ ಧನು ರಾಶಿಯಲ್ಲಿ, ಮೂಲಾ ನಕ್ಷತ್ರದಲ್ಲಿರುವಾಗ.

ಧನಿಷ್ಠೆಯಿಂದ ಮೂಲಾಕ್ಕೆ ಎಷ್ಟು ಡಿಗ್ರಿ ಎಂದು ನೋಡಿ 72ರಿಂದ ಗುಣಿಸಿ, ‘ವೇದಾಂಗ ಜ್ಯೋತಿಷದ ಕಾಲ ಕ್ರಿ.ಪೂ. 1400, ಖಚಿತ’ ಎಂದು ಮೇಜು ಗುದ್ದುವವರಿದ್ದಾರೆ. ಗುಣಾಕಾರ ಸರಿಯೇ. ಆದರೆ ಅಯನವನ್ನು ಹಿಡಿಯುವುದರಲ್ಲಿ ಒಂದು ದಿನ ತಪ್ಪಿದರೂ ಕಾಲ ಸುಮಾರು 70 ವರ್ಷ ಆಚೀಚೆಯಾಗುತ್ತದೆ. ಧನಿಷ್ಠೆಯ ಗಡಿಯನ್ನು ಅವರು ಎಲ್ಲಿಂದ ಎಣಿಸಿದರು ಎಂಬುದರಲ್ಲೂ ಒಮ್ಮತವಿಲ್ಲ. ಕೆಲವು ಶತಮಾನಗಳ ಸಡಿಲ ಬಿಡದೆ ನಾನು ಆ ಸಂಖ್ಯೆ ಹೇಳುವುದಿಲ್ಲ. ಹೊಸನಗರ ತಾಲೂಕಿನ ನಿಲಸ್ಕಲ್, ಬೈಸೆಗಳ ನಿಲುಗಲ್ಲುಗಳ ಬಗ್ಗೆಯೂ ನನ್ನದು ಅದೇ ಎಚ್ಚರ. ಅಲ್ಲಿನ ಕೆಲವು ಕಲ್ಲುಜೋಡಿಗಳು ಅಯನದ ದಿನಗಳ ಸೂರ್ಯನ ಕಡೆಗೆ ಮುಖ ಮಾಡಿವೆ ಎಂದು ಸಂಶೋಧಕರು ತೋರಿಸಿದ್ದಾರೆ, ಅದು ಗಂಭೀರ ಕೆಲಸ. ಅದನ್ನು ಓದಿ, ತಮ್ಮ ಊರಿನ ಯಾವುದೋ ಎರಡು ಬಂಡೆಗಳ ಫೋಟೊ ಕಳಿಸಿ ‘ಇದೂ ವೀಕ್ಷಣಾಲಯವೇ?’ ಎನ್ನುವವರಿಗೆ ಮಾತ್ರ ಏನು ಹೇಳಲಿ? ಕಲ್ಲುಗಳು ಸಾಕಷ್ಟಿದ್ದರೆ ಯಾವುದೋ ಎರಡು ಏನನ್ನಾದರೂ ತೋರಿಸಿಯೇ ತೋರಿಸುತ್ತವೆ.

ಬೆಂಗಳೂರಿನ ಗವಿ ಗಂಗಾಧರೇಶ್ವರ ದೇವಾಲಯವನ್ನು ಬಿಡುವಂತಿಲ್ಲ, ಏಕೆಂದರೆ ಎಲ್ಲ ವಾದಗಳೂ ಕೊನೆಗೆ ಅಲ್ಲಿಗೇ ಬರುತ್ತವೆ. ‘ಸಂಕ್ರಾಂತಿಯ ಸಂಜೆ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುತ್ತದಲ್ಲ, ಅದಕ್ಕಿಂತ ಸಾಕ್ಷಿ ಬೇಕೇ?’ ಬೀಳುತ್ತದೆ, ಸುಂದರವಾದ ನೋಟ. ಆದರೆ ಜನವರಿ ಮಧ್ಯದಲ್ಲಿ ಸೂರ್ಯ ಮುಳುಗುವ ಜಾಗದಲ್ಲೇ ಅವನು ದಕ್ಷಿಣಕ್ಕೆ ಹೋಗುವಾಗಲೂ, ಅಂದರೆ ನವೆಂಬರ್ ಕೊನೆಯಲ್ಲೂ, ಮುಳುಗಿರುತ್ತಾನೆ. ಹಾಗಾಗಿ ಆಗಲೂ ಕಿರಣ ಒಳಗೆ ಬರಬೇಕು, ಬರುತ್ತದೆ ಕೂಡ. ಬಿ.ಎಸ್. ಶೈಲಜಾ ಮತ್ತು ಸಂಗಡಿಗರು 2008ರಲ್ಲಿ ಇದನ್ನು ಪ್ರಕಟಿಸಿದ್ದಾರೆ. ಒಂದು ಕ್ಷಣ ಯೋಚಿಸಿ. ಸೂರ್ಯ ತಿರುಗುವ ಜಾಗಕ್ಕೇ ಗುರಿಯಿಟ್ಟ ಕಿಂಡಿಯಾದರೆ ಬೆಳಕು ವರ್ಷದಲ್ಲಿ ಒಂದೇ ಸಲ ಬಂದು ಕೆಲವು ದಿನ ನಿಂತು ಹೋಗುತ್ತದೆ. ಎರಡು ಸಲ ಬಂತೆಂದರೆ ಸೂರ್ಯ ಆ ಗುರಿಯನ್ನು ದಾಟಿ ದಕ್ಷಿಣಕ್ಕೆ ಹೋಗಿ ವಾಪಸು ಬಂದಿದ್ದಾನೆ ಎಂದೇ ಅರ್ಥ. ಜನ ತೋರಿಸುವ ಸಾಕ್ಷಿ ಹೇಳುವುದು ನನ್ನ ಮಾತನ್ನೇ.

ಹಾಗಾದರೆ ಹಬ್ಬವನ್ನು ಡಿಸೆಂಬರಿಗೆ ತರಬೇಕೇ ಎಂದು ಕೇಳುತ್ತಾರೆ. ಅದು ನನ್ನ ಕ್ಷೇತ್ರವಲ್ಲ. ಮೇಘನಾದ ಸಹಾ ಅವರ ಪಂಚಾಂಗ ಸುಧಾರಣಾ ಸಮಿತಿಯ ಶಿಫಾರಸಿನಂತೆ 1957ರ ಮಾರ್ಚ್ 22ರಿಂದ ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗ ಋತುಗಳನ್ನು ಹಿಡಿದು ನಡೆಯುತ್ತದೆ. ಅದರ ಪೌಷ ಮಾಸ ಶುರುವಾಗುವುದು ಡಿಸೆಂಬರ್ 22ಕ್ಕೆ. ಹಬ್ಬಗಳು ಮಾತ್ರ ಹಳೆಯ ದಾರಿಯಲ್ಲೇ ನಡೆದಿವೆ, ನಡೆಯಲಿ.

ಮಕ್ಕಳಿಂದ ನೆರಳು ಅಳೆಸಬೇಕೆನ್ನುವ ಶಾಲೆಗಳು ನವೆಂಬರ್ 25ರೊಳಗೆ ಕಂಬ ನೆಡಲಿ. ಜನವರಿಯಲ್ಲಿ ನೆಟ್ಟರೆ ಅರ್ಧ ಕಥೆ ಮುಗಿದಿರುತ್ತದೆ. ಕಂಬ ಓರೆಯಾಗಿಲ್ಲವೆಂದು ತೂಗುಗುಂಡು ಹಿಡಿದು ನೋಡಿ. ಗಡಿಯಾರದ 12ಕ್ಕೆ ಅಳೆಯಬೇಡಿ, ಸುಮಾರು 12ರಿಂದ 12.50ರವರೆಗೆ ಐದೈದು ನಿಮಿಷಕ್ಕೆ ಗುರುತು ಹಾಕಿ ಅತಿ ಚಿಕ್ಕ ನೆರಳನ್ನು ಬರೆದುಕೊಳ್ಳಿ. ತುದಿ ಮಸುಕಾಗಿ ಕಂಡರೆ ಕಂಬದ ತಲೆಗೆ ಸಣ್ಣ ತೂತಿರುವ ತಗಡು ಕಟ್ಟಿ. ಆಗ ನೆಲದ ಮೇಲೆ ಪುಟ್ಟ ಸೂರ್ಯಬಿಂಬ ಬೀಳುತ್ತದೆ, ಅದರ ನಡುವನ್ನು ಗುರುತಿಸುವುದು ಸುಲಭ. ಮೋಡದ ದಿನಗಳನ್ನು ಖಾಲಿ ಬಿಡಿ, ಅಂದಾಜಿನಿಂದ ತುಂಬಬೇಡಿ.