ಒಂದೇ ವರ್ಷಕ್ಕೆ ಇಬ್ಬರು ವಿಶ್ವ ಚಾಂಪಿಯನ್ನರು: ಡಾರ್ಟ್ಸ್ ಗೊಂದಲದ ಹಿನ್ನೆಲೆ

ದುಂಡು ಬೋರ್ಡಿಗೆ ಬಾಣ ಎಸೆಯುವ ಡಾರ್ಟ್ಸ್ ಆಟದಲ್ಲಿ 2024ರ ವಿಶ್ವ ಚಾಂಪಿಯನ್ ಯಾರು? ಲ್ಯೂಕ್ ಹಂಫ್ರೀಸ್ ಅಂದರೂ ಸರಿ, ಶೇನ್ ಮೆಗರ್ಕ್ ಅಂದರೂ ಸರಿ. ಹಂಫ್ರೀಸ್ ಗೆದ್ದದ್ದು ಆ ವರ್ಷದ ಜನವರಿ 3ರಂದು, ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಲ್ಲಿ. ಮೆಗರ್ಕ್ ಗೆದ್ದದ್ದು ಡಿಸೆಂಬರ್‌ನಲ್ಲಿ, ಇಂಗ್ಲೆಂಡಿನ ಫ್ರಿಮ್ಲಿ ಗ್ರೀನ್ ಎಂಬ ಊರಿನ ಲೇಕ್‌ಸೈಡ್‌ನಲ್ಲಿ. ಮೊದಲನೆಯದು ಪಿಡಿಸಿ (ಪ್ರೊಫೆಷನಲ್ ಡಾರ್ಟ್ಸ್ ಕಾರ್ಪೊರೇಷನ್) ಸಂಸ್ಥೆಯ ಪಟ್ಟ, ಎರಡನೆಯದು ಡಬ್ಲ್ಯುಡಿಎಫ್ (ವರ್ಲ್ಡ್ ಡಾರ್ಟ್ಸ್ ಫೆಡರೇಷನ್) ಸಂಸ್ಥೆಯದು. ಸಾಲದ್ದಕ್ಕೆ ಪಿಡಿಸಿ ಟೂರ್ನಿ ಡಿಸೆಂಬರ್‌ನಲ್ಲಿ ಶುರುವಾಗಿ ಜನವರಿಯಲ್ಲಿ ಮುಗಿಯುತ್ತದೆ, ಹೆಸರು ಮಾತ್ರ ಮುಗಿಯುವ ವರ್ಷದ್ದು. ಹಾಗಾಗಿ 2024ರ ಡಿಸೆಂಬರ್‌ನಲ್ಲಿ ನಡೆದ ಪಂದ್ಯಗಳು 2025ರ ಲೆಕ್ಕಕ್ಕೆ ಹೋಗಿವೆ.

2025ರ ಡಿಸೆಂಬರ್‌ನಲ್ಲಿ ಭಾರತದ ನಿತಿನ್ ಕುಮಾರ್ ಅದೇ ಅಲೆಕ್ಸಾಂಡ್ರಾ ಪ್ಯಾಲೇಸ್‌ನಲ್ಲಿ ನೆದರ್ಲೆಂಡ್ಸ್‌ನ ರಿಚರ್ಡ್ ವೀನ್‌ಸ್ಟ್ರಾ ಅವರನ್ನು 3-2 ಸೆಟ್‌ಗಳಿಂದ ಸೋಲಿಸಿದರು. ಪಿಡಿಸಿ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಭಾರತೀಯನೊಬ್ಬ ಪಂದ್ಯ ಗೆದ್ದದ್ದು ಅದೇ ಮೊದಲು. ಅಲ್ಲಿ ಸಂಜೆಯ ಆಟ ಏರುವಾಗ ಇಲ್ಲಿ ನಡುರಾತ್ರಿ. ಬಳ್ಳಾರಿ, ರಾಯಚೂರು, ಕೊಪ್ಪಳದ ಹಾಸ್ಟೆಲ್ಲು, ಕಾರ್ಖಾನೆ ಕಾಲೊನಿಗಳಲ್ಲಿ ನಿದ್ದೆಗೆಟ್ಟು ಮೊಬೈಲ್ ನೋಡುವವರು ಕೇಳುವ ಪ್ರಶ್ನೆ ಒಂದೇ: ಇಷ್ಟು ಸಣ್ಣ ಆಟಕ್ಕೆ ಎರಡು ಸಂಸ್ಥೆ, ಎರಡು ಪಟ್ಟ ಯಾಕೆ?

ಹಳೆಯ ಕಾಲದ್ದನ್ನು ಬೇಗ ಮುಗಿಸಬಹುದು. ಇಂಗ್ಲೆಂಡಿನ ಪಬ್ಬುಗಳಲ್ಲಿ ಎಲ್ಮ್ ಮರದ ಹಲಗೆಗೆ ಎಸೆಯುತ್ತಿದ್ದ ಆಟಕ್ಕೆ 1930ರ ದಶಕದಲ್ಲಿ ನಾರಿನ ಬೋರ್ಡು ಬಂತು, 1973ರಲ್ಲಿ ಆಲಿ ಕ್ರಾಫ್ಟ್ ಬಿಡಿಒ (ಬ್ರಿಟಿಷ್ ಡಾರ್ಟ್ಸ್ ಆರ್ಗನೈಸೇಷನ್) ಎಂಬ ಸಂಸ್ಥೆ ಕಟ್ಟಿದರು, 1978ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ಆ ಸಂಸ್ಥೆಯ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಆ ನಾರು ಸೈಸಲ್, ಅಂದರೆ ನಮ್ಮ ಹೊಲದ ಬದುವಿನ ಕತ್ತಾಳೆಯ ಬಳಗದ್ದೇ. ಹಗ್ಗ ಹೊಸೆದವರಿಗೆ ಅದರ ಗುಣ ಗೊತ್ತು. ಬಾಣದ ಮೊನೆ ಹೊಕ್ಕಾಗ ನಾರು ಸರಿದು ಜಾಗ ಬಿಡುತ್ತದೆ, ಕಿತ್ತಾಗ ಮತ್ತೆ ಕೂಡುತ್ತದೆ.

1978ರ ಫೈನಲ್‌ನಲ್ಲಿ ಲೇಟನ್ ರೀಸ್ ಗೆದ್ದದ್ದು 11-7ರಿಂದ. 1994ರ ಡೆನಿಸ್ ಪ್ರೀಸ್ಟ್ಲಿ ಗೆಲುವು 6-1. ಲ್ಯೂಕ್ ಲಿಟ್ಲರ್ 2025ರಲ್ಲಿ ಗೆದ್ದದ್ದು 7-3. ಇವನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ದಾರಿ ತಪ್ಪುತ್ತೇವೆ. ಮೊದಲನೆಯದು ಲೆಗ್‌ಗಳ ಲೆಕ್ಕ, ಉಳಿದೆರಡು ಸೆಟ್‌ಗಳದ್ದು. 501ರಿಂದ ಶುರುಮಾಡಿ ಸೊನ್ನೆಗೆ ಇಳಿಸಿದರೆ ಒಂದು ಲೆಗ್, ಮೂರು ಲೆಗ್ ಮೊದಲು ಗೆದ್ದವನಿಗೆ ಒಂದು ಸೆಟ್. ಕೊನೆಯ ಬಾಣ ಅಂಕ ಎರಡು ಪಟ್ಟಾಗುವ ಹೊರ ಉಂಗುರದ ಡಬಲ್‌ಗೋ 50 ಅಂಕದ ನಟ್ಟನಡುವಿನ ಬುಲ್‌ಗೋ ಬೀಳಲೇಬೇಕು. ಫಲಿತಾಂಶದ ಜೊತೆ ಕೊಡುವ ಸರಾಸರಿ ಒಂದು ಸರದಿಯ ಮೂರು ಬಾಣಕ್ಕೆ ಬಂದ ಅಂಕ. 100ರ ಸರಾಸರಿ ಎಂದರೆ ಸುಮಾರು 15 ಬಾಣಕ್ಕೆ ಒಂದು ಲೆಗ್ ಮುಗಿದಂತೆ. ಕನಿಷ್ಠ ಬೇಕಾದದ್ದು 9 ಬಾಣ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅದನ್ನು ಮೊದಲು ಸಾಧಿಸಿದವರು ಪಾಲ್ ಲಿಮ್, 1990ರಲ್ಲಿ. 2024ರ ಲೇಕ್‌ಸೈಡ್ ಫೈನಲ್‌ನಲ್ಲಿ ಮೆಗರ್ಕ್ ಎದುರು ನಿಂತು ಸೋತವರೂ ಅದೇ ಲಿಮ್, 70ರ ಪ್ರಾಯದಲ್ಲಿ.

ಲೆಕ್ಕ ಎಲ್ಲಿ ಕೈಕೊಡುತ್ತದೆ ಅನ್ನುವುದಕ್ಕೆ 1983ರ ಫೈನಲ್ ನೋಡಬೇಕು. ಕೊನೆಯ ಲೆಗ್‌ನಲ್ಲಿ ಎರಿಕ್ ಬ್ರಿಸ್ಟೋಗೆ 50 ಉಳಿದಿತ್ತು, ಕೈಯಲ್ಲಿ ಒಂದು ಬಾಣ. ಬುಲ್ ಹೊಡೆದಿದ್ದರೆ ಆ ಲೆಗ್ ಅವರದೇ. ಎದುರಾಳಿ ಕೀತ್ ಡೆಲ್ಲರ್‌ಗೆ ಇನ್ನೂ 138 ಬೇಕಿತ್ತು, ಅಷ್ಟನ್ನು ಮೂರು ಬಾಣದಲ್ಲಿ ಇಳಿಸಲಾರ ಎಂದು ಬ್ರಿಸ್ಟೋ 18 ಹೊಡೆದು 32 ಉಳಿಸಿಕೊಂಡರು. 32ರ ಮೇಲೆ ಎಲ್ಲರಿಗೂ ಆಸೆ ಇರುವುದಕ್ಕೆ ಕಾರಣವಿದೆ: ಡಬಲ್ 16 ತಪ್ಪಿ ಒಳಗಿನ 16ಕ್ಕೆ ಬಿದ್ದರೆ ಡಬಲ್ 8 ಉಳಿಯುತ್ತದೆ, ಅದೂ ಹಾಗೇ ತಪ್ಪಿದರೆ ಡಬಲ್ 4. ಬೆಸ ಸಂಖ್ಯೆಗೆ ಸಿಕ್ಕಿಬೀಳುವ ಭಯ ಕಡಿಮೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಡೆಲ್ಲರ್ ಟ್ರೆಬಲ್ 20 (ಟ್ರೆಬಲ್ ಎಂದರೆ ಅಂಕ ಮೂರು ಪಟ್ಟಾಗುವ ಒಳ ಉಂಗುರ), ಟ್ರೆಬಲ್ 18, ಡಬಲ್ 12 ಹೊಡೆದು 138 ತೀರಿಸಿ 6-5ರಿಂದ ಗೆದ್ದರು.

ಅಂಥ ಆಟವನ್ನು ಲಕ್ಷಾಂತರ ಮಂದಿ ಟಿ.ವಿ.ಯಲ್ಲಿ ನೋಡುತ್ತಿದ್ದ ಕಾಲ ಅದು. ಆದರೆ ಬಿಯರ್ ಗ್ಲಾಸು, ಸಿಗರೇಟಿನ ಹೊಗೆಯ ನಡುವಿನ ಆಟ ಎಂಬ ಹೆಸರು ಅಂಟಿಕೊಂಡಿತ್ತು. 1980ರ ದಶಕದ ಕೊನೆಗೆ ಐಟಿವಿ ವಾಹಿನಿ ಡಾರ್ಟ್ಸ್‌ನಿಂದ ಹಿಂದೆ ಸರಿಯಿತು. 1989ರ ಹೊತ್ತಿಗೆ ಬ್ರಿಟನ್ನಿನ ಟಿ.ವಿ.ಯಲ್ಲಿ ಉಳಿದದ್ದು ಬಿಬಿಸಿ ತೋರಿಸುವ ವಿಶ್ವ ಚಾಂಪಿಯನ್‌ಶಿಪ್ ಒಂದೇ. ವರ್ಷಕ್ಕೊಮ್ಮೆ ಮಾತ್ರ ಮುಖ ಕಾಣಿಸುವ ಆಟಗಾರನಿಗೆ ಪ್ರಾಯೋಜಕ ಯಾಕೆ ರೊಕ್ಕ ಕೊಟ್ಟಾನು? ಹವ್ಯಾಸಿಗಳಿಗೆ ಇದು ಅಷ್ಟಾಗಿ ತಟ್ಟಲಿಲ್ಲ. ಇದನ್ನೇ ಹೊಟ್ಟೆಪಾಡು ಮಾಡಿಕೊಂಡವರಿಗೆ ಮಾತ್ರ ಒಲೆ ಉರಿಯುವ ಪ್ರಶ್ನೆಯಾಯಿತು. ಕೌಂಟಿ, ಕ್ಲಬ್ಬು, ಪಬ್ಬಿನ ತಂಡಗಳವರೆಗೆ ಹರಡಿದ್ದ ಬಿಡಿಒಗೆ ಸಾವಿರಾರು ಸದಸ್ಯರ ಹಿತ ಮುಖ್ಯವಾಗಿ ಕಂಡಿತು, ಮೇಲಿನ ಹತ್ತಿಪ್ಪತ್ತು ಮಂದಿಗೆ ತಮ್ಮ ಅಂಗಡಿ ಮುಚ್ಚುತ್ತಿರುವುದು ಕಂಡಿತು. ಎರಡೂ ಸುಳ್ಳಲ್ಲ.

1992ರಲ್ಲಿ ವೃತ್ತಿಪರರು ಡಬ್ಲ್ಯುಡಿಸಿ ಎಂಬ ಕೂಟ ಕಟ್ಟಿಕೊಂಡರು. 1993ರ ಜನವರಿಯಲ್ಲಿ ಲೇಕ್‌ಸೈಡ್‌ನಲ್ಲಿ ಬಿಡಿಒ ಟೂರ್ನಿ ನಡೆಯುತ್ತಿರುವಾಗಲೇ ಅದರ ಬಿಲ್ಲೆ ತೊಟ್ಟು ಬಂದವರಿಗೆ ತೆಗೆಯಿರಿ ಎಂಬ ಸೂಚನೆ ಬಂತು. ಮುಂದಿನ ವರ್ಷದ ಟೂರ್ನಿ ಡಬ್ಲ್ಯುಡಿಸಿ ಅಡಿಯಲ್ಲಿ ನಡೆದರೆ ಮಾತ್ರ ಆಡುತ್ತೇವೆ ಎಂದು 16 ಮಂದಿ ಸಹಿ ಹಾಕಿದರು. ಆಗ ಕಣದಲ್ಲಿದ್ದ ಮಾಜಿ ಚಾಂಪಿಯನ್ನರೆಲ್ಲ ಆ ಪಟ್ಟಿಯಲ್ಲಿದ್ದರು. ಇಬ್ಬರು ಹಿಂದೆ ಸರಿದು 14 ಉಳಿದರು. ಉತ್ತರವಾಗಿ ಬಿಡಿಒದಿಂದ ಬಂದದ್ದು ನಿಷೇಧ. ನಮ್ಮವರಿಗೆ ಇದು ಹೊಸ ಕಥೆಯೇನಲ್ಲ: 2007ರಲ್ಲಿ ಬಿಸಿಸಿಐ ಒಪ್ಪದ ಐಸಿಎಲ್ ಲೀಗ್ ಸೇರಿದ ಕ್ರಿಕೆಟಿಗರಿಗೂ ಬಾಗಿಲು ಮುಚ್ಚಿತ್ತು, 2009ರಲ್ಲಿ ತೆರೆಯಿತು. ಡಾರ್ಟ್ಸ್‌ನಲ್ಲಿ ಮಾತ್ರ ಹೊರಗೆ ಹೋದವರು ವಾಪಸು ಬರಲಿಲ್ಲ. 1994ರ ಹೊಸ ವರ್ಷದ ಹೊತ್ತಿಗೆ ಪರ್ಫ್ಲೀಟ್‌ನ ಸರ್ಕಸ್ ಟಾವರ್ನ್‌ನಲ್ಲಿ 24 ಮಂದಿಯನ್ನು ಸೇರಿಸಿ, ಮೂವರ ಎಂಟು ಗುಂಪು ಮಾಡಿ ತಮ್ಮದೇ ವಿಶ್ವ ಚಾಂಪಿಯನ್‌ಶಿಪ್ ಆಡಿದರು. ಪ್ರೀಸ್ಟ್ಲಿ ಫಿಲ್ ಟೇಲರ್ ಅವರನ್ನು 6-1ರಿಂದ ಸೋಲಿಸಿದರು. ಅದೇ ತಿಂಗಳು ಲೇಕ್‌ಸೈಡ್‌ನಲ್ಲಿ ಕೆನಡಾದ ಜಾನ್ ಪಾರ್ಟ್ ಬಾಬ್ಬಿ ಜಾರ್ಜ್ ವಿರುದ್ಧ 6-0ಯಿಂದ ಗೆದ್ದರು. ದಾಖಲೆ ಪುಸ್ತಕದಲ್ಲಿ ಎರಡು ಕಾಲಂ ಶುರುವಾದದ್ದು ಆ ಜನವರಿಯಿಂದ.

ಕೋರ್ಟಿನ ಹೊಸ್ತಿಲಲ್ಲಿ 1997ರಲ್ಲಿ ರಾಜಿಯಾಯಿತು. ಆಟಗಾರ ತನಗೆ ಬೇಕಾದ ಟೂರ್ನಿ ಆಡಬಹುದು ಎಂದು ಒಪ್ಪಲಾಯಿತು, ಡಬ್ಲ್ಯುಡಿಸಿ ತನ್ನ ಹೆಸರನ್ನು ಪಿಡಿಸಿ ಎಂದು ಬದಲಿಸಿಕೊಂಡಿತು. ಪಟ್ಟ ಒಂದಾಗಲಿಲ್ಲ. ಟೇಲರ್ ಅವರ 16 ವಿಶ್ವ ಪಟ್ಟಗಳಲ್ಲಿ 2 ಬಿಡಿಒದ್ದು, 14 ಈ ಕಡೆಯದ್ದು. ಕೂಡಿಸುವಾಗ ಇದನ್ನು ಮರೆತವರೇ 14 ಸರಿಯೋ 16 ಸರಿಯೋ ಎಂದು ಜಗಳ ಆಡುತ್ತಾರೆ. 2001ರಲ್ಲಿ ಬ್ಯಾರಿ ಹರ್ನ್ ಪಿಡಿಸಿಯ ಚುಕ್ಕಾಣಿ ಹಿಡಿದ ಮೇಲೆ ರೊಕ್ಕ ಒಂದೇ ದಿಕ್ಕಿಗೆ ಹರಿಯಿತು. ಬಿಡಿಒದಲ್ಲಿ ನಾಲ್ಕು ಸಲ ಗೆದ್ದಿದ್ದ ರೇಮಂಡ್ ವಾನ್ ಬಾರ್ನೆವೆಲ್ಡ್ 2006ರಲ್ಲಿ ಈಚೆ ದಾಟಿ, ಮರುವರ್ಷದ ಫೈನಲ್‌ನಲ್ಲಿ ಟೇಲರ್ ಅವರನ್ನು 7-6ರಿಂದ ಮಣಿಸಿದ ಮೇಲೆ ಯಾವ ಪಟ್ಟ ದೊಡ್ಡದು ಎಂಬ ವಾದ ಬಹುಮಟ್ಟಿಗೆ ನಿಂತಿತು. ಬಿಡಿಒ ವಿಜೇತನಿಗೆ 2019ರಲ್ಲಿ 1 ಲಕ್ಷ ಪೌಂಡ್ ಸಿಕ್ಕಿದ್ದರೆ 2020ರಲ್ಲಿ ಸಿಕ್ಕಿದ್ದು 23 ಸಾವಿರ. ಅದೇ ಸೆಪ್ಟೆಂಬರ್‌ನಲ್ಲಿ ಸಂಸ್ಥೆ ದಿವಾಳಿಯಾಯಿತು. ಲೇಕ್‌ಸೈಡ್ ವೇದಿಕೆಯನ್ನು 2022ರಲ್ಲಿ ಡಬ್ಲ್ಯುಡಿಎಫ್ ಎತ್ತಿಕೊಂಡಿತು. ಹಳ್ಳಿ-ಪಟ್ಟಣದ ಆಟಗಾರ ಹತ್ತುತ್ತಿದ್ದ ಏಣಿಯ ಕೆಳಗಿನ ಮೆಟ್ಟಿಲುಗಳು ಈ ನಡುವೆ ಎಷ್ಟು ಸಡಿಲವಾದವು ಎಂಬುದನ್ನು ಮಾತ್ರ ಬಹುಮಾನದ ಮೊತ್ತ ಹೇಳುವುದಿಲ್ಲ.

ಆ ಮೊತ್ತ ಈಗ ಕಣ್ಣು ಕುಕ್ಕುವಷ್ಟಿದೆ. 18 ತುಂಬುವ ಮೊದಲೇ, 2025ರಲ್ಲಿ ಮೈಕಲ್ ವಾನ್ ಗರ್ವೆನ್ ವಿರುದ್ಧ ಗೆದ್ದ ಲಿಟ್ಲರ್‌ಗೆ 5 ಲಕ್ಷ ಪೌಂಡ್. 2026ರಲ್ಲಿ ಟೂರ್ನಿ 128 ಮಂದಿಗೆ ಹಿಗ್ಗಿತು, ಗಿಯಾನ್ ವಾನ್ ವೀನ್ ಅವರನ್ನು 7-1ರಿಂದ ಸೋಲಿಸಿ ಪಟ್ಟ ಉಳಿಸಿಕೊಂಡ ಲಿಟ್ಲರ್‌ಗೆ 10 ಲಕ್ಷ ಪೌಂಡ್. ಪಿಡಿಸಿ ರ‍್ಯಾಂಕಿಂಗ್ ಎಂದರೆ ಕಳೆದ ಎರಡು ವರ್ಷದಲ್ಲಿ ಗೆದ್ದ ಹಣದ ಪಟ್ಟಿ. ಆದ್ದರಿಂದ ಈ ಒಂದು ಗೆಲುವು ಎರಡು ವರ್ಷ ಕಾಪಾಡುತ್ತದೆ, ಆಮೇಲೆ ಒಂದೇ ದಿನ ಪಟ್ಟಿಯಿಂದ ಉದುರಿಹೋಗುತ್ತದೆ. ಯಾರೋ ಸೋಲದೇ ಕೆಳಗಿಳಿದರು ಎಂಬ ಸುದ್ದಿ ಕಂಡರೆ ಕಾರಣ ಬಹುತೇಕ ಇದೇ.

ಇಷ್ಟೆಲ್ಲ ಜಗಳದಲ್ಲೂ ಬೋರ್ಡಿನ ಅಳತೆಗೆ ಯಾರೂ ಕೈಹಾಕಲಿಲ್ಲ. ನೆಲದಿಂದ ಬುಲ್‌ನ ನಡುವಿಗೆ 1.73 ಮೀಟರ್, ಬೋರ್ಡಿನ ಮುಖದಿಂದ ಎಸೆಯುವ ಗೆರೆಗೆ 2.37 ಮೀಟರ್. ನಮ್ಮ ಕಡೆ ಸಾಮಾನ್ಯ ತಪ್ಪು ಗೋಡೆಯಿಂದ ಅಳೆಯುವುದು. ಬೋರ್ಡು ಒಂದೂವರೆ ಇಂಚು ದಪ್ಪ, ಹಿಂದೆ ಹಲಗೆ ಕೊಟ್ಟರೆ ಇನ್ನೂ ಮುಂದೆ ಬರುತ್ತದೆ, ಅಷ್ಟೂ ಗೆರೆ ಹತ್ತಿರವಾಗುತ್ತದೆ. ಗೌಂಡಿಯ ತೂಕದ ಗುಂಡನ್ನು ಬೋರ್ಡಿನ ಮುಖದಿಂದ ಇಳಿಬಿಟ್ಟು, ಅದು ನೆಲ ಮುಟ್ಟಿದಲ್ಲಿಂದ ಟೇಪು ಹಿಡಿಯಬೇಕು. ಆಮೇಲೆ ಬುಲ್‌ನಿಂದ ಗೆರೆಗೆ ಓರೆಯಾಗಿ ಅಳೆದರೆ 2.93 ಮೀಟರ್ ಬರಬೇಕು. ಬಾರದಿದ್ದರೆ ನೆಲ ಇಳಿಜಾರಿದೆ, ಇಲ್ಲವೇ ಎತ್ತರ ತಪ್ಪಿದೆ. ಆನ್‌ಲೈನ್‌ನಲ್ಲಿ ಸಿಗುವ ಪ್ಲಾಸ್ಟಿಕ್ ಮೊನೆಯ ಎಲೆಕ್ಟ್ರಾನಿಕ್ ಬೋರ್ಡಿಗೆ ದೂರ 2.44 ಮೀಟರ್, ಎರಡನ್ನೂ ಬೆರೆಸಬಾರದು. ರಾಯಚೂರಿನ ಏಪ್ರಿಲ್‌-ಮೇ ಬಿಸಿಲಿಗೆ ತಗಡಿನ ಸೂರಿನಡಿ ಬೋರ್ಡು ತೂಗಿದರೆ ನಾರು ಒಣಗಿ ಹಿಡಿತ ಬಿಡುತ್ತದೆ, ಬಾಣ ಉದುರತೊಡಗುತ್ತದೆ. ಆಗ ನೀರು ಚಿಮುಕಿಸುವವರಿದ್ದಾರೆ. ಮರದ ಹಲಗೆ ನೆನೆಸುತ್ತಿದ್ದ ಕಾಲದ ರೂಢಿ ಅದು. ಕತ್ತಾಳೆ ನಾರು ನೀರು ಕುಡಿದರೆ ಊದಿಕೊಳ್ಳುತ್ತದೆ. 20ರ ಮನೆ ಸವೆಯುವ ಮುಂಚೆ ಅಂಕಿಗಳ ತಂತಿ ಬಳೆಯನ್ನು ಬಿಚ್ಚಿ, ಬೋರ್ಡು ತಿರುಗಿಸಿ, ಕಪ್ಪು ಮನೆ ಕಪ್ಪಿನ ಜಾಗಕ್ಕೇ ಬರುವಂತೆ ಕೂರಿಸಿದರೆ ಸಾಕು.